ಎಸ್ಟೇಟ್ ಸೇಲ್‌ನಲ್ಲಿ ಒಂದು ಪೆಟ್ಟಿಗೆ ಹಳೇ ಬೆಳ್ಳಿ, ಒಡವೆ ಸಿಕ್ಕಿದೆ. ಅಸಲಿ ಯಾವುದು, ಬೆಲೆ ಕಟ್ಟುವುದು ಹೇಗೆ?

ಹಳೇಪೆಟ್ಟಿಗೆ:
ಎಲ್ಲರಿಗೂ ನಮಸ್ಕಾರ. ಹೋದ ವಾರ ಒಂದು ಎಸ್ಟೇಟ್ ಸೇಲ್‌ಗೆ ಹೋಗಿದ್ದೆ. ಮನೆಯವರು ತೀರಿಕೊಂಡ ಮೇಲೆ ಒಳಗಿರುವ ಸಾಮಾನನ್ನೆಲ್ಲ ಮಾರಿ ಮನೆ ಖಾಲಿ ಮಾಡುತ್ತಾರಲ್ಲ, ಅದು. ಪುಸ್ತಕದ ಕಪಾಟು ನೋಡಲು ಹೋದವಳು ಮರದ ಪೆಟ್ಟಿಗೆ ಹೊತ್ತುಕೊಂಡು ಬಂದೆ. ಮೇಲೆ "ಬಿಡಿ ಸಾಮಾನು" ಎಂದು ಚೀಟಿ ಅಂಟಿಸಿದ್ದರು.

ಒಳಗೆ ಏನಿದೆ ಅಂದರೆ: ಒಂದು ಟೀಪಾಟ್, ಅದರ ತಳದಲ್ಲಿ ನಾಲ್ಕು ಪುಟ್ಟ ಗುರಾಣಿಗಳು, ಒಳಗೆ ಏನೋ ಚಿತ್ತಾರದ ಅಕ್ಷರ. ಒಂದು ಜೊತೆ ಮೇಣದಬತ್ತಿ ಸ್ಟ್ಯಾಂಡು, ಎತ್ತಿದರೆ ಕೈ ನೋಯುವಷ್ಟು ಭಾರ. ಕೆಂಪು ಹರಳಿನ ಒಂದು ಸರ. ಹಳದಿ ಲೋಹದ ಒಂದು ಚೈನು, ಕೊಂಡಿಯ ಮೇಲೆ "1/20 12ಕೆ ಜಿಎಫ್" ಎಂದಿದೆ. ಕಪ್ಪು ಎನಾಮಲ್‌ನ ಬ್ರೂಚ್, ಅಂದರೆ ಬಟ್ಟೆಗೆ ಸಿಕ್ಕಿಸಿಕೊಳ್ಳುವ ಪಿನ್ನಿನ ಒಡವೆ, ಅದರ ಹಿಂದೆ ಗಾಜಿನ ಕೆಳಗೆ ಕೂದಲು! ಯಾರದೋ ಕೂದಲು! ಆಮೇಲೆ ಒಂದು ಹಿಡಿ ಚಮಚಗಳು. ಅದರಲ್ಲಿ ಒಂದು ಗಿಡ್ಡ ಹಿಡಿಯದ್ದು, ಚಿಪ್ಪಿನ ಆಕಾರ, ಮಸಿ ಹಿಡಿದ ಹಾಗೆ ಕಪ್ಪಗಿದೆ.

ಇದರಲ್ಲಿ ಅಸಲಿ ಯಾವುದು, ಬೆಲೆ ತಿಳಿಯುವುದು ಹೇಗೆ? ನಮ್ಮತ್ತೆ ಟೂತ್‌ಪೇಸ್ಟು, ಹಳೇ ಬ್ರಷ್ಷು ಹಿಡಿದುಕೊಂಡು ಕಾಯುತ್ತಾ ಕೂತಿದ್ದಾರೆ. ಬೇಗ ಹೇಳಿ.

ಭೂತಗನ್ನಡಿ:
ಮೊದಲು ಅತ್ತೆಯವರ ಕೈಯಿಂದ ಟೂತ್‌ಪೇಸ್ಟ್ ಕಿತ್ತುಕೊಳ್ಳಿ. ಉಳಿದದ್ದು ಆಮೇಲೆ ಮಾತಾಡೋಣ.

ತಕ್ಕಡಿಮಾಮ:
ತೂಕ ಮಾಡಿ, ಆ ದಿನದ ಬೆಳ್ಳಿ ದರದಿಂದ ಗುಣಿಸಿ. ಮುಗೀತು. ಇದಕ್ಕೆ ಇಷ್ಟುದ್ದ ಚರ್ಚೆ ಯಾಕೆ?

ಭೂತಗನ್ನಡಿ:
ಬಂದ್ರಾ ಮಾಮ. ನಿಮಗೆ ತಾಜ್ ಮಹಲ್ ತೋರಿಸಿದರೂ ಅಮೃತಶಿಲೆ ಎಷ್ಟು ಟನ್ ಅಂತಲೇ ಕೇಳುತ್ತೀರಿ.

ಮುದ್ರೆಹುಚ್ಚ:
ಮೇಡಂ, ಟೀಪಾಟ್‌ನ ನಾಲ್ಕು ಗುರಾಣಿ ಅಂದ ಕೂಡಲೇ ನನಗೆ ಅನುಮಾನ ಬಂತು. ಆ ಅಕ್ಷರಗಳು ಇ, ಪಿ, ಎನ್, ಎಸ್ ಆಗಿರಬಹುದಾ ನೋಡಿ. ಹೌದಾದರೆ ಅದು ಎಲೆಕ್ಟ್ರೋಪ್ಲೇಟೆಡ್ ನಿಕಲ್ ಸಿಲ್ವರ್. ಹೆಸರಿನಲ್ಲಿ ಸಿಲ್ವರ್ ಇದ್ದರೂ ಒಳಗಿನ ಲೋಹ ತಾಮ್ರ, ನಿಕಲ್, ಸತು ಬೆರೆಸಿದ್ದು. ಮೇಲೆ ಮಾತ್ರ ಬೆಳ್ಳಿಯ ತೆಳು ಪದರ. ಆ ಕಾಲದ ತಯಾರಕರು ಬೇಕಂತಲೇ ಒಂದೊಂದು ಅಕ್ಷರವನ್ನು ಒಂದೊಂದು ಗುರಾಣಿಯೊಳಗೆ, ಓದಲಾಗದ ಹಳೇ ಲಿಪಿಯಲ್ಲಿ ಒತ್ತುತ್ತಿದ್ದರು. ದೂರದಿಂದ ನೋಡಿದರೆ ಹಾಲ್‌ಮಾರ್ಕ್ ಅನ್ನಿಸಬೇಕು, ಅಷ್ಟೇ.

ನಿಜವಾದ ಬ್ರಿಟಿಷ್ ಹಾಲ್‌ಮಾರ್ಕ್ ಅಂದರೆ ಮೊದಲು ಸಿಂಹ ಹುಡುಕಿ. ಒಂದು ಮುಂಗಾಲು ಎತ್ತಿ ಎಡಕ್ಕೆ ನಡೆಯುವ ಸಿಂಹ ಇದ್ದರೆ ಸ್ಟರ್ಲಿಂಗ್, ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಈ ಸಿಂಹ 1544ರಿಂದ ನಡೆಯುತ್ತಲೇ ಇದೆ. ಅದರ ಪಕ್ಕ ಊರಿನ ಗುರುತು: ಲಂಡನ್‌ಗೆ ಚಿರತೆ ತಲೆ, ಬರ್ಮಿಂಗ್‌ಹ್ಯಾಮ್‌ಗೆ ಲಂಗರು, ಶೆಫೀಲ್ಡ್‌ಗೆ 1974ರವರೆಗೆ ಕಿರೀಟ, ಆಮೇಲೆ ಗುಲಾಬಿ. ಇನ್ನೊಂದು ಇಸವಿ ಹೇಳುವ ಅಕ್ಷರ. ಕೊನೆಯದು ಮಾಡಿದವನ ಹೆಸರಿನ ಮೊದಲಕ್ಷರಗಳು. 1784ರಿಂದ 1890ರವರೆಗೆ ತೆರಿಗೆ ಕಟ್ಟಿದ ಗುರುತಾಗಿ ರಾಜ ಅಥವಾ ರಾಣಿಯ ತಲೆಯೂ ಇರುತ್ತದೆ.

ಇಸವಿಯ ಅಕ್ಷರ ಓದುವಾಗ ಜೋಪಾನ. ಪ್ರತಿ ಊರಿಗೂ ಬೇರೆ ಪಟ್ಟಿ. ಒಂದು ಸುತ್ತು ಮುಗಿದ ಮೇಲೆ ಅದೇ ಅಕ್ಷರ ಮತ್ತೆ ಬರುತ್ತದೆ. ಲಿಪಿಯ ಶೈಲಿ, ಗುರಾಣಿಯ ಆಕಾರ ಎರಡೂ ಹೊಂದಬೇಕು. ಅಕ್ಷರ ಒಂದನ್ನೇ ನೋಡಿ ನೂರು ವರ್ಷ ತಪ್ಪಿದವರು ಬೇಕಾದಷ್ಟು ಜನ ಇದ್ದಾರೆ. ನಾನೂ ಒಬ್ಬ.

ಹಳೇಪೆಟ್ಟಿಗೆ:
ಅಯ್ಯೋ. ಭೂತಗನ್ನಡಿಯಲ್ಲಿ ನೋಡಿದೆ. ಇ, ಪಿ, ಎನ್, ಎಸ್. ಸರಿಯಾಗಿ ಅದೇ. ಪೆಟ್ಟಿಗೆ ತಂದಿದ್ದೇ ಈ ಟೀಪಾಟ್ ನೋಡಿ.

ಸುಮ್ನೆಓದುಗ:
ಬೆಳ್ಳಗಿರುವುದೆಲ್ಲ ಹಾಲಲ್ಲ.

ಮುದ್ರೆಹುಚ್ಚ:
ಬೇಜಾರಾಗಬೇಡಿ. ಪ್ಲೇಟ್, ಅಂದರೆ ಬರೀ ಬೆಳ್ಳಿ ಲೇಪನದ್ದು ಆದರೂ ಒಳ್ಳೆ ವಿನ್ಯಾಸದ್ದಾದರೆ ಕೊಳ್ಳುವವರು ಇದ್ದಾರೆ. ಎಲ್ಕಿಂಗ್ಟನ್ ಕಂಪನಿ 1840ರಲ್ಲಿ ಈ ವಿದ್ಯುತ್ ಲೇಪನದ ಪೇಟೆಂಟ್ ತೆಗೆದುಕೊಂಡಿತು. ಅವರ ಹಳೇ ಮಾಲಿಗೆ ಇವತ್ತಿಗೂ ಗೌರವ ಇದೆ. ಅದಕ್ಕೂ ಹಿಂದಿನದು ಓಲ್ಡ್ ಶೆಫೀಲ್ಡ್ ಪ್ಲೇಟ್. ಅದು 1740ರ ದಶಕದಲ್ಲಿ ಥಾಮಸ್ ಬೋಲ್ಸೋವರ್ ಕಂಡುಕೊಂಡ ದಾರಿ. ತಾಮ್ರದ ಗಟ್ಟಿಗೆ ಬೆಳ್ಳಿಯ ಹಾಳೆ ಬೆಸೆದು, ಎರಡನ್ನೂ ಒಟ್ಟಿಗೆ ಲಟ್ಟಿಸಿ ತಗಡು ಮಾಡುವುದು. ಸವೆದ ಕಡೆ ತಾಮ್ರದ ಕೆಂಪು ಇಣುಕುತ್ತದೆ. ಆ ಕೆಂಪು ಕಂಡು ಗಾಬರಿಯಾಗಿ ಹೊಸದಾಗಿ ಬೆಳ್ಳಿ ಹಾಕಿಸಿದರೆ ವಸ್ತುವಿನ ಕಥೆ ಅಲ್ಲಿಗೆ ಮುಗಿಯಿತು.

ತಕ್ಕಡಿಮಾಮ:
ಅದೇ ನಾನೂ ಹೇಳಿದ್ದು. ಬೆಳ್ಳಿ ಇಲ್ಲದಿದ್ದರೆ ಬೆಲೆ ಇಲ್ಲ. ಆ ಮೇಣದಬತ್ತಿ ಸ್ಟ್ಯಾಂಡು ತೂಗಿ. ಭಾರ ಇದೆ ಅಂದ್ರಲ್ಲ, ಅಲ್ಲಿದೆ ನೋಡಿ ದುಡ್ಡು.

ಕಂಚಿನಕಡಗ:
ಮಾಮ, ಅಲ್ಲೇ ನೀವು ಜಾರಿದಿರಿ. ಮೇಡಂ, ಸ್ಟ್ಯಾಂಡಿನ ತಳದಲ್ಲಿ ಏನು ಬರೆದಿದೆ?

ಹಳೇಪೆಟ್ಟಿಗೆ:
"ಸ್ಟರ್ಲಿಂಗ್ ವೆಯ್ಟೆಡ್." ಸ್ಟರ್ಲಿಂಗ್ ಅಂದರೆ ಅಸಲಿ ಅಲ್ವಾ?

ಕಂಚಿನಕಡಗ:
ಸ್ಟರ್ಲಿಂಗ್ ಅಸಲಿಯೇ. ಆದರೆ ವೆಯ್ಟೆಡ್ ಅನ್ನುವ ಪದವೇ ಇಲ್ಲಿ ಮುಖ್ಯ. ಹೊರಗೆ ಕಾಗದದಷ್ಟು ತೆಳು ಬೆಳ್ಳಿ, ಒಳಗೆ ಸಿಮೆಂಟೋ ರಾಳವೋ ತುಂಬಿರುತ್ತಾರೆ, ಬೀಳದೆ ನಿಲ್ಲಲಿ ಅಂತ. ಒಟ್ಟು ತೂಕದ ಹತ್ತರಲ್ಲಿ ಒಂದೆರಡು ಪಾಲು ಬೆಳ್ಳಿ ಬಂದರೆ ಹೆಚ್ಚು. ಊಟದ ಚಾಕುಗಳೂ ಹಾಗೇ. ಹಿಡಿ ಪೊಳ್ಳು, ಒಳಗೆ ರಾಳ, ಅಲಗು ಉಕ್ಕು. ಒಂದು ಡಜನ್ ಚಾಕು ತೂಗಿ "ಇಷ್ಟು ಕೆಜಿ ಬೆಳ್ಳಿ" ಎಂದು ಬಂದವರನ್ನು ನಾನು ತುಂಬಾ ನೋಡಿದ್ದೇನೆ. ಹಳೇ ಸಾಮಾನು ಕೊಂಡು ಮಾರುವುದೇ ನನ್ನ ಕಸುಬು, ಇಪ್ಪತ್ತು ವರ್ಷ ಆಯಿತು.

ಸುಮ್ನೆಓದುಗ:
ಮಾಮ ಸಿಮೆಂಟಿಗೆ ಬೆಳ್ಳಿ ದರ ಕೊಟ್ಟರು.

ತಕ್ಕಡಿಮಾಮ:
ನಗಿ ನಗಿ. ಚಮಚ ತೂಗುವಾಗ ನನ್ನ ಹತ್ತಿರವೇ ಬರಬೇಕು.

ಹರಳುಗಣ್ಣಿ:
ನಾನು ಒಡವೆ ಕಡೆಯವಳು. ಬ್ರೂಚ್ ಬಗ್ಗೆ ಹೇಳುತ್ತೇನೆ. ಅಕ್ಕಾ, ಆ ಕೂದಲು ಎಸೆದಿಲ್ಲ ತಾನೇ? ದಯವಿಟ್ಟು ಇಲ್ಲ ಅನ್ನಿ.

ಹಳೇಪೆಟ್ಟಿಗೆ:
ಇಲ್ಲ ಇಲ್ಲ. ಮುಟ್ಟಲು ಭಯವಾಗಿ ಹಾಗೇ ಇಟ್ಟಿದ್ದೇನೆ. ಅತ್ತೆ ಮಾತ್ರ ಅದನ್ನು ಮನೆಯೊಳಗೆ ಇಡಬೇಡ ಅನ್ನುತ್ತಿದ್ದಾರೆ.

ಹರಳುಗಣ್ಣಿ:
ಸದ್ಯ. ಅದು ಶೋಕದ ಒಡವೆ. ತೀರಿಕೊಂಡವರ ಕೂದಲನ್ನು ಹೆಣೆದು ಗಾಜಿನ ಕೆಳಗೆ ಇಟ್ಟು ಹಾಕಿಕೊಳ್ಳುತ್ತಿದ್ದರು. ಮೊದಲಿನಿಂದಲೂ ಇದ್ದ ರೂಢಿಯೇ. ಆದರೆ 1861ರಲ್ಲಿ ಗಂಡ ಆಲ್ಬರ್ಟ್ ಸತ್ತ ಮೇಲೆ ವಿಕ್ಟೋರಿಯಾ ರಾಣಿ ತಾನು ಸಾಯುವವರೆಗೂ, ಅಂದರೆ 1901ರವರೆಗೆ, ಕಪ್ಪು ಬಟ್ಟೆ ಬಿಡಲಿಲ್ಲ ನೋಡಿ, ಆಗ ಇದು ಮನೆಮನೆಯ ಮಾತಾಯಿತು. ಕೂದಲು ತೆಗೆದರೆ ಬ್ರೂಚಿನ ಅರ್ಧ ಬೆಲೆ ಅದರ ಜೊತೆಗೇ ಹೋಗುತ್ತದೆ.

ಹಿಂಬದಿ ನೋಡಿ. ಹೆಸರು, ತಾರೀಖು ಕೆತ್ತಿದೆಯಾ? ಪಿನ್ನು ಚೌಕಟ್ಟಿಗಿಂತ ಸ್ವಲ್ಪ ಉದ್ದ ಆಚೆ ಚಾಚಿದೆಯಾ? ಪಿನ್ನು ಸಿಕ್ಕಿಸುವ ಕೊಕ್ಕೆ ಬರೀ ಬಾಗಿದ ತಂತಿಯಾ, ಅಥವಾ ತಿರುಗಿಸಿದರೆ ಬೀಗ ಬೀಳುವಂಥದ್ದಾ? ಬರೀ ಕೊಕ್ಕೆಯಾದರೆ ಹಳೇದು ಇರಬಹುದು. ಬೀಗ ಬೀಳುವ ಕೊಂಡಿ 20ನೇ ಶತಮಾನದ್ದು. ಆದರೆ ಹಳೇ ಬ್ರೂಚಿಗೆ ಯಾರೋ ಆಮೇಲೆ ಹೊಸ ಕೊಂಡಿ ಹಾಕಿಸಿರಬಹುದು. ಹಾಗಾಗಿ ಕೊಂಡಿಯ ಬುಡದಲ್ಲಿ ಬೆಸುಗೆಯ ಕಲೆ ಇದೆಯಾ ಅಂತಲೂ ನೋಡಬೇಕು. ಒಂದೇ ಸಾಕ್ಷಿ ನಂಬಿ ತೀರ್ಪು ಕೊಡುವ ಕೆಲಸ ಅಲ್ಲ ಇದು.

ಹಳೇಪೆಟ್ಟಿಗೆ:
ಬರೀ ಕೊಕ್ಕೆ. ಪಿನ್ನು ಉದ್ದ ಇದೆ, ಬೆರಳಿಗೆ ಚುಚ್ಚಿಯೂ ಆಯಿತು. ಹಿಂದೆ ಒಂದು ಹೆಸರು, "ವಯಸ್ಸು 4" ಎಂದು ಇಂಗ್ಲಿಷಿನಲ್ಲಿ ಕೆತ್ತಿದೆ. ಇಷ್ಟು ಹೊತ್ತು ಕೂದಲು ಕೂದಲು ಅಂತ ಮುಖ ಸಿಂಡರಿಸುತ್ತಿದ್ದೆ. ಈಗ ಹೇಗೋ ಆಗುತ್ತಿದೆ.

ಭೂತಗನ್ನಡಿ:
ಅಯ್ಯೋ ಪಾಪ.

ಹರಳುಗಣ್ಣಿ:
ಹೌದು ಅಕ್ಕ. ಎನಾಮಲ್ ಮುರಿಯದಿದ್ದರೆ ಬಟ್ಟೆಯಲ್ಲಿ ಸುತ್ತಿ ಬೇರೆ ಇಡಿ. ನೀರು ತಾಗಿಸಬೇಡಿ, ಗಾಜಿನೊಳಗೆ ತೇವ ಹೋದರೆ ಕೂದಲು ಹಾಳಾಗುತ್ತದೆ.

ಪ್ರಶ್ನೆಗಳಸರದಾರ:
ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಬರ್ಮಿಂಗ್‌ಹ್ಯಾಮ್‌ಗೆ ಸಮುದ್ರವೇ ಇಲ್ಲ. ಲಂಗರು ಎಲ್ಲಿಂದ ಬಂತು?

ಮುದ್ರೆಹುಚ್ಚ:
ಈ ಪ್ರಶ್ನೆಗೇ ಕಾಯುತ್ತಿದ್ದೆ! ಮೊದಲು ಬರ್ಮಿಂಗ್‌ಹ್ಯಾಮ್, ಶೆಫೀಲ್ಡ್ ಎರಡೂ ಊರಿನವರು ಮುದ್ರೆ ಒತ್ತಿಸಲು ಮಾಲನ್ನು ಬೇರೆ ಊರಿಗೆ ಕಳಿಸಬೇಕಿತ್ತು. ದಾರಿಯಲ್ಲಿ ನುಗ್ಗಾಗುವುದು, ಕಳುವಾಗುವುದು, ತಡವಾಗುವುದು. ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆದಾರ ಮ್ಯಾಥ್ಯೂ ಬೋಲ್ಟನ್ ಪಟ್ಟು ಹಿಡಿದು ಪಾರ್ಲಿಮೆಂಟಿನಲ್ಲಿ ಕಾಯ್ದೆ ಮಾಡಿಸಿದ. 1773ರಲ್ಲಿ ಎರಡೂ ಊರಿಗೆ ಪರೀಕ್ಷಾ ಕಚೇರಿ ಬಂತು. ಆ ಓಡಾಟದಲ್ಲಿ ಅವರೆಲ್ಲ ಸೇರುತ್ತಿದ್ದ ಲಂಡನ್ನಿನ ಪಾನಗೃಹದ ಹೆಸರು "ಕ್ರೌನ್ ಅಂಡ್ ಆ್ಯಂಕರ್", ಕಿರೀಟ ಮತ್ತು ಲಂಗರು. ನಾಣ್ಯ ಚಿಮ್ಮಿ ಒಬ್ಬರು ಕಿರೀಟ, ಇನ್ನೊಬ್ಬರು ಲಂಗರು ತೆಗೆದುಕೊಂಡರು ಅಂತ ಕಥೆ. ನಾಣ್ಯ ಚಿಮ್ಮಿದ್ದು ದಂತಕಥೆ ಇರಬಹುದು. ಆದರೆ ಇದಕ್ಕಿಂತ ಒಳ್ಳೆ ಕಥೆ ಯಾರೂ ಹೇಳಿಲ್ಲ.

ಸುಮ್ನೆಓದುಗ:
ಕುಡಿಯಲು ಹೋದ ಕಡೆ ಊರಿನ ಮುದ್ರೆ ತೀರ್ಮಾನ. ಚೆನ್ನಾಗಿದೆ.

ಅಕ್ಕಸಾಲಿಮೊಮ್ಮಗ:
ಚೈನಿನ ಬಗ್ಗೆ ಯಾರೂ ಹೇಳಿಲ್ಲ. "ಜಿಎಫ್" ಅಂದರೆ ಗೋಲ್ಡ್ ಫಿಲ್ಡ್. ಹೆಸರು ಕೇಳಿದರೆ ಒಳಗೆಲ್ಲ ಚಿನ್ನ ತುಂಬಿದ ಹಾಗೆ ಅನ್ನಿಸುತ್ತೆ, ವಿಷಯ ತಿರುಗಾಮುರುಗಾ. ಒಳಗೆ ಹಿತ್ತಾಳೆ, ಹೊರಗೆ ಚಿನ್ನದ ಹಾಳೆ. 1/20 ಅಂದರೆ ಒಟ್ಟು ತೂಕದ ಇಪ್ಪತ್ತರಲ್ಲಿ ಒಂದು ಪಾಲು ಆ ಹಾಳೆ. 12ಕೆ ಅಂದರೆ ಆ ಹಾಳೆಯಲ್ಲೂ ಅರ್ಧವೇ ಚಿನ್ನ. ಲೆಕ್ಕ ಹಾಕಿ: ನೂರು ಗ್ರಾಂ ಚೈನಿನಲ್ಲಿ ಅಪ್ಪಟ ಚಿನ್ನ ಎರಡೂವರೆ ಗ್ರಾಂ. ಆದರೂ ಬರೀ ಚಿನ್ನದ ನೀರು ಕುಡಿಸಿದ್ದಕ್ಕಿಂತ ಇದು ಎಷ್ಟೋ ಮೇಲು, ಹಾಕಿಕೊಳ್ಳಲು ಗಟ್ಟಿ.

ಅಸಲಿ ಚಿನ್ನದ ಮೇಲೆ 375, 585, 750 ಹೀಗೆ ಅಂಕಿ ಇರುತ್ತದೆ. ಕ್ರಮವಾಗಿ 9, 14, 18 ಕ್ಯಾರೆಟ್. ಎಲ್ಲಾದರೂ 15 ಕ್ಯಾರೆಟ್ ಅಥವಾ 625 ಎಂಬ ಬ್ರಿಟಿಷ್ ಮುದ್ರೆ ಸಿಕ್ಕರೆ ಖುಷಿಪಡಿ. ಆ ದರ್ಜೆ ಅಲ್ಲಿ 1854ರಲ್ಲಿ ಶುರುವಾಗಿ 1932ರಲ್ಲಿ ನಿಂತುಹೋಯಿತು. ಮುದ್ರೆಯೇ ವಯಸ್ಸು ಹೇಳಿಬಿಡುತ್ತದೆ.

ನಮ್ಮ ತಾತ ಒರೆಗಲ್ಲಿಗೆ ಉಜ್ಜಿ, ಗೆರೆಯ ಬಣ್ಣ ನೋಡಿಯೇ ಹೇಳುತ್ತಿದ್ದರು. ಆಮೇಲೆ ಒಂದು ಹನಿ ಆಸಿಡ್. ಇವತ್ತು ಆ ಆಸಿಡ್ ಕಿಟ್ಟು ಮನೆಗೇ ತರಿಸಬಹುದು. ತರಿಸಬೇಡಿ. ನೈಟ್ರಿಕ್ ಆಸಿಡ್ ಅದು. ಕೈ ಸುಡುತ್ತದೆ, ಹೊಗೆ ಎದೆಗೆ ಕೆಟ್ಟದ್ದು, ವಸ್ತುವಿನ ಮೇಲೆ ಕಲೆ ಬೀಳುತ್ತದೆ. ಎಕ್ಸ್‌ಆರ್‌ಎಫ್, ಅಂದರೆ ಎಕ್ಸ್-ಕಿರಣ ಬಿಟ್ಟು ಲೋಹ ಗುರುತಿಸುವ ಯಂತ್ರ ಇರುವ ಕಡೆ ಕೊಟ್ಟರೆ ಗೀರೂ ಬೀಳದೆ ನಿಮಿಷದಲ್ಲಿ ಹೇಳುತ್ತಾರೆ. ಅದೂ ಮೇಲ್ಮೈಯನ್ನು ಮಾತ್ರ ಓದುತ್ತದೆ ಅನ್ನುವುದು ನೆನಪಿರಲಿ. ದಪ್ಪ ಲೇಪನ ಇದ್ದರೆ ಯಂತ್ರವೂ ಮೋಸ ಹೋಗುತ್ತದೆ.

ಪ್ರಶ್ನೆಗಳಸರದಾರ:
ಅಯಸ್ಕಾಂತ ಹಿಡಿದು ನೋಡಿದರೆ ಸಾಕಲ್ವಾ?

ಅಕ್ಕಸಾಲಿಮೊಮ್ಮಗ:
ಅಂಟಿಕೊಂಡರೆ ಬೆಳ್ಳಿ ಅಲ್ಲ ಅನ್ನಬಹುದು. ಅಂಟಲಿಲ್ಲ ಅಂದರೆ ಏನೂ ಗೊತ್ತಾಗಲ್ಲ. ತಾಮ್ರ, ಹಿತ್ತಾಳೆ, ನಿಕಲ್ ಸಿಲ್ವರ್ ಯಾವುದೂ ಅಂಟಲ್ಲ.

ತಕ್ಕಡಿಮಾಮ:
ಈಗ ನನ್ನ ಸರದಿ. ಚಮಚಕ್ಕೆ ತಕ್ಕಡಿಗಿಂತ ಒಳ್ಳೆ ಪರೀಕ್ಷೆ ಇಲ್ಲ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ಚಮಚವನ್ನು ದಾರಕ್ಕೆ ಕಟ್ಟಿ ನೀರಿನೊಳಗೆ ಪೂರ್ತಿ ಇಳಿಬಿಡಿ. ತಳ, ಗೋಡೆ ತಾಗಬಾರದು. ತಕ್ಕಡಿ ಎಷ್ಟು ತೋರಿಸುತ್ತದೋ ಬರೆದುಕೊಳ್ಳಿ. ಚಮಚದ ಒಣ ತೂಕವನ್ನು ಆ ಅಂಕಿಯಿಂದ ಭಾಗಿಸಿ. ಸ್ಟರ್ಲಿಂಗ್ ಆದರೆ 10.3 ಆಸುಪಾಸು ಬರಬೇಕು. ನಿಕಲ್ ಸಿಲ್ವರ್ 8.7ರ ಹತ್ತಿರ ನಿಲ್ಲುತ್ತದೆ.

ಅಕ್ಕಸಾಲಿಮೊಮ್ಮಗ:
ಮಾಮ, ಇದನ್ನು ಒಪ್ಪಿದೆ. ಒಂದೇ ತಿದ್ದುಪಡಿ. ಅಡುಗೆಮನೆ ತಕ್ಕಡಿ ಗ್ರಾಂ ಗ್ರಾಂ ಹಾರುತ್ತದೆ, ಒಂದು ಪುಟ್ಟ ಚಮಚಕ್ಕೆ ಅದು ಉಪಯೋಗ ಇಲ್ಲ. 0.01 ಗ್ರಾಂ ತೋರಿಸುವುದು ಬೇಕು. ಪೊಳ್ಳು ಹಿಡಿ, ತುಂಬಿಸಿದ ಸ್ಟ್ಯಾಂಡು, ಹರಳು ಕೂರಿಸಿದ್ದು ಇವುಗಳಿಗೆ ಈ ಲೆಕ್ಕ ನಡೆಯಲ್ಲ.

ತಕ್ಕಡಿಮಾಮ:
ಒಪ್ಪಿದ್ದೇ ದೊಡ್ಡದು. ಇವತ್ತು ನಿದ್ದೆ ಚೆನ್ನಾಗಿ ಬರುತ್ತೆ.

ಹಳೇಪೆಟ್ಟಿಗೆ:
ಮಗನ ಲ್ಯಾಬ್ ತಕ್ಕಡಿ ಸಿಕ್ಕಿತು. ಒಂದೇ ಥರದ ಆರು ಚಮಚ ಒಟ್ಟು 92.4 ಗ್ರಾಂ, ನೀರಿನಲ್ಲಿ 10.6. ಅಂದರೆ 8.7. ಹೋಯಿತು. ಅವುಗಳ ಹಿಂದೆ "90" ಎಂದು ಇತ್ತು, ನೂರಕ್ಕೆ ತೊಂಬತ್ತು ಬೆಳ್ಳಿ ಅಂದುಕೊಂಡಿದ್ದೆ.

ಆ ಮಸಿ ಚಮಚ ಮಾತ್ರ 9.3 ಗ್ರಾಂ, ನೀರಿನಲ್ಲಿ 0.9. ಅಂದರೆ 10.3! ಇದು ಬೆಳ್ಳಿಯಾ?

ಮುದ್ರೆಹುಚ್ಚ:
90 ಅನ್ನುವುದು ಯುರೋಪಿನ ಲೇಪನದ ಲೆಕ್ಕ. ಒಂದು ಡಜನ್ ಚಮಚ, ಒಂದು ಡಜನ್ ಫೋರ್ಕ್‌ಗೆ ಒಟ್ಟು 90 ಗ್ರಾಂ ಬೆಳ್ಳಿ ಬಳಿದಿದ್ದೇವೆ ಅಂತ. ಶುದ್ಧತೆಯ ಅಂಕಿ ಅಲ್ಲ. ಶುದ್ಧತೆ ಆದರೆ ಸಾಮಾನ್ಯವಾಗಿ ಮೂರಂಕಿ: 800, 835, 925. 800ರ ಪಕ್ಕ ಅರ್ಧಚಂದ್ರ ಮತ್ತು ಕಿರೀಟ ಇದ್ದರೆ ಜರ್ಮನಿಯದು, 1888ರ ನಂತರದ್ದು. ರಷ್ಯಾದ್ದು ಮಾತ್ರ ಎರಡಂಕಿ, 84 ಎಂದಿರುತ್ತದೆ. ಅವರು 96ರಲ್ಲಿ 84 ಪಾಲು ಅಂತ ಎಣಿಸುತ್ತಿದ್ದರು, ನಮ್ಮ ಲೆಕ್ಕದಲ್ಲಿ 875. ಫ್ರಾನ್ಸಿನದು ಅಂಕಿಯೇ ಇಲ್ಲ, ಮಿನರ್ವಾ ದೇವತೆಯ ತಲೆ, 1838ರಿಂದ.

ಮಸಿ ಚಮಚದ ಹಿಡಿಯಲ್ಲಿ ಮುದ್ರೆ ಇದೆಯಾ? ಒರಟಾಗಿ ತಿಕ್ಕಬೇಡಿ. ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಪಕ್ಕದಿಂದ ಟಾರ್ಚ್ ಬಿಡಿ. ನೇರ ಬೆಳಕಿನಲ್ಲಿ ಕಾಣದ ಮುದ್ರೆ ಓರೆ ಬೆಳಕಿನಲ್ಲಿ ಎದ್ದು ಕಾಣುತ್ತದೆ.

ಹಳೇಪೆಟ್ಟಿಗೆ:
ಟಾರ್ಚ್ ಬಿಟ್ಟೆ. ಕೈ ನಡುಗುತ್ತಿದೆ. ಸಿಂಹ ಇದೆ! ಲಂಗರು ಇದೆ! ಒಂದು ಗಂಡಸಿನ ತಲೆ, ಬಲಕ್ಕೆ ನೋಡುತ್ತಿದೆ. ಒಂದು ಅಕ್ಷರ ಪೂರ್ತಿ ಸವೆದಿದೆ. ಆಮೇಲೆ "ಜೆ.ಟಿ." ಇದ್ದ ಹಾಗಿದೆ.

ಮುದ್ರೆಹುಚ್ಚ:
ಕೂತುಕೊಳ್ಳಿ ಮೇಡಂ. ಲಂಗರು, ಹಾಗಾಗಿ ಬರ್ಮಿಂಗ್‌ಹ್ಯಾಮ್. ತಲೆ ಗಂಡಸಿನದು, ಬಲಕ್ಕೆ ಮುಖ, ಹಾಗಾಗಿ ವಿಕ್ಟೋರಿಯಾಗಿಂತ ಮೊದಲು. ರಾಣಿಯ ಮುಖ ಎಡಕ್ಕೆ ಇರುತ್ತದೆ. ಅಂದರೆ ಇಸವಿಯ ಅಕ್ಷರ ಸವೆದಿದ್ದರೂ 18ನೇ ಶತಮಾನದ ಕೊನೆಯಿಂದ 1830ರ ದಶಕದೊಳಗೆ. ಚಿಪ್ಪಿನ ಆಕಾರ, ಗಿಡ್ಡ ಹಿಡಿ ಅಂದರೆ ಇದು ಕ್ಯಾಡಿ ಸ್ಪೂನ್. ಚಹಾ ಎಲೆ ದುಬಾರಿಯಾಗಿದ್ದ ಕಾಲದಲ್ಲಿ ಬೀಗ ಹಾಕಿದ ಡಬ್ಬಿಯೊಳಗೇ ಈ ಚಮಚ ಇರುತ್ತಿತ್ತು, ಅದಕ್ಕೇ ಹಿಡಿ ಗಿಡ್ಡ. ಇಂಥವನ್ನು ಮಾಡುವುದರಲ್ಲಿ ಬರ್ಮಿಂಗ್‌ಹ್ಯಾಮ್ ಎತ್ತಿದ ಕೈ.

ಜೆ.ಟಿ. ಅಂದರೆ ಆ ಊರಿನ ಜೋಸೆಫ್ ಟೇಲರ್ ಇರಬಹುದು. ಕ್ಯಾಡಿ ಸ್ಪೂನ್ ಮಾಡುವುದರಲ್ಲಿ ದೊಡ್ಡ ಹೆಸರು. ಇರಬಹುದು ಅಂತ ಮಾತ್ರ ಹೇಳುತ್ತಿದ್ದೇನೆ. ಅದೇ ಎರಡಕ್ಷರದವರು ಬೇರೆಯವರೂ ಇರುತ್ತಾರೆ. ಅಕ್ಷರದ ಸುತ್ತಿನ ಚೌಕಟ್ಟು, ನಡುವಿನ ಚುಕ್ಕೆ ಹೋಲಿಸಿ ನೋಡಬೇಕು.

ಭೂತಗನ್ನಡಿ:
ಟೂತ್‌ಪೇಸ್ಟ್ ಕಿತ್ತುಕೊಳ್ಳಿ ಅಂದಿದ್ದು ಯಾರು? ನಾನು. ನೆನಪಿಟ್ಟುಕೊಳ್ಳಿ.

ಕಂಚಿನಕಡಗ:
ತಿಕ್ಕುವುದರ ಬಗ್ಗೆ ಒಂದು ಮಾತು. ಇಲ್ಲಿ ಕೆಲವರು ಬೆಳ್ಳಿಯನ್ನು ಮುಟ್ಟಲೇಬಾರದು ಅನ್ನುವ ಹಾಗೆ ಮಾತಾಡುತ್ತಾರೆ. ಅದೂ ಅತಿಯೇ. ಸಾವಿರಾರು ಸಲ ಕೈಯಲ್ಲಿ ಒರೆಸಿ ಬಂದ ಮೆರುಗು ಹಳೇ ಬೆಳ್ಳಿಗೆ ಶೋಭೆ. ಕೊಳ್ಳುವವರಿಗೂ ಅದೇ ಇಷ್ಟ. ತೊಂದರೆ ಇರುವುದು ಒರಟು ಪುಡಿ, ಪೇಸ್ಟು, ಯಂತ್ರದ ಚಕ್ರ, ಅದ್ದಿ ತೆಗೆಯುವ ರಾಸಾಯನಿಕದ ಡಬ್ಬಿ ಇವುಗಳಲ್ಲಿ. ಕಪ್ಪು ಅಂದರೆ ಬೆಳ್ಳಿಯೇ ಗಂಧಕದ ಜೊತೆ ಸೇರಿ ಆದದ್ದು. ಅದನ್ನು ಗೀಚಿ ತೆಗೆದರೆ ಬೆಳ್ಳಿಯೇ ಹೋಗುತ್ತದೆ, ಮೊದಲು ಮುದ್ರೆ ಹೋಗುತ್ತದೆ. ಕೆತ್ತನೆಯ ಸಂದಿಯಲ್ಲಿ ಉಳಿದ ಕಪ್ಪಿನಿಂದಲೇ ಹೂವು ಎಲೆ ಎದ್ದು ಕಾಣುವುದು. ಅದನ್ನೂ ತೊಳೆದುಬಿಟ್ಟರೆ ನಿನ್ನೆ ಮಾಡಿದ ಹಾಗೆ ಕಾಣುತ್ತದೆ.

ಪ್ರಶ್ನೆಗಳಸರದಾರ:
ಬಿಸಿನೀರು, ಸೋಡಾ, ಅಲ್ಯೂಮಿನಿಯಂ ಹಾಳೆ?

ಕಂಚಿನಕಡಗ:
ದಿನಬಳಕೆಯ ಸಾದಾ ಚಮಚಕ್ಕೆ ಪರವಾಗಿಲ್ಲ. ಕೆತ್ತನೆ, ಎನಾಮಲ್, ಹರಳು, ಪೊಳ್ಳು ಹಿಡಿ ಇದ್ದರೆ ಬೇಡ. ಸಂದಿಯ ಕಪ್ಪೂ ಹೋಗುತ್ತದೆ, ರಾಳವೂ ಸಡಿಲವಾಗುತ್ತದೆ.

ಇನ್ನೊಂದು ಉಪಾಯ, ಪುಕ್ಕಟೆ. ವಸ್ತುವಿನ ಮೇಲೆ ಬಾಯಿಂದ ಬಿಸಿಯುಸಿರು ಬಿಡಿ, ಕನ್ನಡಕ ಒರೆಸುವ ಮುಂಚೆ ಬಿಡುವ ಹಾಗೆ. ಮಂಜು ಕಟ್ಟಿದಾಗ ಹಳೇ ಬೆಸುಗೆಯ ಗೆರೆ, ಅಳಿಸಿ ಹಾಕಿದ ಹೆಸರಿನ ಜಾಗ ಕಣ್ಣಿಗೆ ಬೀಳುತ್ತದೆ. ಮುದ್ರೆಯ ಸುತ್ತ ಬೆಸುಗೆಯ ಗೆರೆ ಕಂಡರೆ ಎಚ್ಚರ. ಒಡೆದ ಚಿಕ್ಕ ವಸ್ತುವಿನ ಮುದ್ರೆ ಕತ್ತರಿಸಿ ದೊಡ್ಡದಕ್ಕೆ ಕೂರಿಸುವ ಕಳ್ಳಾಟ ಮೂರು ನೂರು ವರ್ಷದಿಂದ ಇದೆ. ನಾನೇ ಒಮ್ಮೆ ಅಂಥದ್ದೊಂದು ಹೂಜಿ ಕೊಂಡು ಕೈ ಸುಟ್ಟುಕೊಂಡಿದ್ದೇನೆ. ಮಾರಿದವರು ಇದುವರೆಗೂ ಫೋನ್ ಎತ್ತಿಲ್ಲ.

ಹರಳುಗಣ್ಣಿ:
ಕೆಂಪು ಸರ ಮರೆತೇಬಿಟ್ಟರಲ್ಲ ಎಲ್ಲರೂ. ಅಕ್ಕಾ, ಒಂದು ಹರಳನ್ನು ಭೂತಗನ್ನಡಿ ಹಿಡಿದು ಪಕ್ಕದಿಂದ ನೋಡಿ. ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ನಡುವೆ ಬೆಸೆದ ಗೆರೆ, ಹೊಳಪಿನ ವ್ಯತ್ಯಾಸ ಕಾಣುತ್ತದಾ?

ಹಳೇಪೆಟ್ಟಿಗೆ:
ನೋಡಿದೆ. ಹೌದು, ಗೆರೆ ಕಾಣುತ್ತದೆ! ಒಳ್ಳೆಯದಾ ಕೆಟ್ಟದ್ದಾ?

ಹರಳುಗಣ್ಣಿ:
ಮಾಣಿಕ್ಯ ಅಲ್ಲ. ಅದು ಜೋಡಿ ಹರಳು: ಮೇಲೆ ಗಾರ್ನೆಟ್ ಎಂಬ ಅಗ್ಗದ ಹರಳಿನ ತೆಳು ಚೂರು, ಕೆಳಗೆ ಬಣ್ಣದ ಗಾಜು, ಕಾಯಿಸಿ ಬೆಸೆದದ್ದು. ಗಾಜು ಬೇಗ ಸವೆಯುತ್ತದೆ, ಮೇಲೆ ಗಾರ್ನೆಟ್ ಇದ್ದರೆ ಹೊಳಪು ನಿಲ್ಲುತ್ತದೆ ಅಂತ 19ನೇ ಶತಮಾನದಲ್ಲಿ ಹೀಗೆ ಮಾಡುತ್ತಿದ್ದರು. ಕೃತಕ ಮಾಣಿಕ್ಯ ಬಂದ ಮೇಲೆ ಇದಕ್ಕೆ ಬೇಡಿಕೆ ಹೋಯಿತು. ಹಾಗಾಗಿ ಮಾಣಿಕ್ಯದ ಬೆಲೆ ಇಲ್ಲದಿದ್ದರೂ ಸರ ಹಳೇದು ಅನ್ನುವುದಕ್ಕೆ ಇದು ಸಾಕ್ಷಿ.

ಪ್ರಶ್ನೆಗಳಸರದಾರ:
ಕೃತಕ ಮಾಣಿಕ್ಯ ಅಂದರೆ ಈಚಿನದಲ್ವಾ?

ಹರಳುಗಣ್ಣಿ:
ಎಲ್ಲಿಯ ಈಚಿನದು ಮಾರಾಯ್ರೆ. ವೆರ್ನಾಯ್ ಎಂಬ ಫ್ರೆಂಚ್ ವಿಜ್ಞಾನಿ 1902ರಲ್ಲೇ ಆ ವಿಧಾನ ಹೊರಗೆ ಹಾಕಿದ. ಹಾಗಾಗಿ "ನಮ್ಮ ಮುತ್ತಜ್ಜಿಯದು, ಅಂದಮೇಲೆ ಗಣಿಯದೇ" ಅನ್ನುವ ವಾದ ನಿಲ್ಲಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಅದರೊಳಗೆ ಬಾಗಿದ ಗೆರೆಗಳು, ಸಣ್ಣ ಗುಳ್ಳೆಗಳು. ಗಣಿಯ ಹರಳಿನಲ್ಲಿ ಗೆರೆ ನೇರ. ಬೇಜಾರು ಬೇಡ ಅಕ್ಕ, ಬ್ರಿಟನ್ನಿನ ರಾಜ ಕಿರೀಟದ ಮುಂದಿರುವ "ಬ್ಲ್ಯಾಕ್ ಪ್ರಿನ್ಸ್ ರೂಬಿ" ಇದೆಯಲ್ಲ, ಅದೂ ಮಾಣಿಕ್ಯ ಅಲ್ಲ, ಸ್ಪಿನೆಲ್ ಎಂಬ ಬೇರೆ ಹರಳು.

ಸುಮ್ನೆಓದುಗ:
ರಾಜನಿಗೇ ಇಲ್ಲ, ನಮಗೆಲ್ಲಿ.

ಮುತ್ತಿನಮೂಗುತಿ:
ನನ್ನದೂ ಒಂದು. ಅಜ್ಜಿಯ ಉಂಗುರದ ವಜ್ರ ಮಂಕಾಗಿದೆ, ಮೇಲಿನಿಂದ ನೋಡಿದರೆ ನಡುವೆ ತೂತು ಇದ್ದ ಹಾಗೆ. ಅಂಗಡಿಯವರು ಹೊಸ ಕಟಿಂಗ್ ಮಾಡಿಸಿ, ಫಳಫಳ ಅನ್ನುತ್ತೆ ಅಂದರು.

ಹರಳುಗಣ್ಣಿ:
ಬೇಡ ಬೇಡ. ತೂತಲ್ಲ ಅದು, ಹಳೇ ಕಟಿಂಗಿನಲ್ಲಿ ತಳದ ತುದಿಯನ್ನು ಚಪ್ಪಟೆಯಾಗಿ ಕೊಯ್ಯುತ್ತಿದ್ದರು, ಅದು ಕಾಣುತ್ತದೆ. ಮೇಣದಬತ್ತಿ ಬೆಳಕಿನಲ್ಲಿ ಹಿಡಿದು ನೋಡಿ, ಆಮೇಲೆ ಮಂಕು ಅನ್ನಿ. ಹೊಸದಾಗಿ ಕೊಯ್ದರೆ ತೂಕವೂ ಹೋಗುತ್ತದೆ, ಹಳೇತನವೂ ಹೋಗುತ್ತದೆ. ಮೊದಲು ಸೋಪಿನ ನೀರಲ್ಲಿ ಹಿಂಬದಿ ತೊಳೆಸಿ. ನೂರಕ್ಕೆ ತೊಂಬತ್ತು ಮಂಕು ಬರೀ ಜಿಡ್ಡು!

ಹಳೇಪೆಟ್ಟಿಗೆ:
ಸರಿ, ಈಗ ಮುಖ್ಯ ಪ್ರಶ್ನೆ. ಚಮಚದ ಬೆಲೆ ಎಷ್ಟು? ಹುಡುಕಿ ನೋಡಿದರೆ ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಅದರ ಹತ್ತರಷ್ಟು ಹೇಳುತ್ತಾರೆ.

ಕಂಚಿನಕಡಗ:
ಯಾವ ಬೆಲೆ ಅಂತ ಮೊದಲು ಕೇಳಿಕೊಳ್ಳಬೇಕು. ಕರಗಿಸಿದರೆ ಬರುವುದು ಒಂದು. ಅದು ನೆಲ, ಅದಕ್ಕಿಂತ ಕೆಳಗೆ ಯಾರೂ ಇಳಿಯಬೇಕಿಲ್ಲ. ನನ್ನಂಥ ವ್ಯಾಪಾರಿ ನಿಮಗೆ ಕೊಡುವುದು ಇನ್ನೊಂದು, ನಾನು ಅದನ್ನೇ ಗಾಜಿನ ಕಪಾಟಿನಲ್ಲಿಟ್ಟು ಮಾರುವುದು ಮತ್ತೊಂದು. ಎರಡರ ನಡುವೆ ಒಂದಕ್ಕೆರಡು ವ್ಯತ್ಯಾಸ ಇದ್ದರೂ ಆಶ್ಚರ್ಯ ಇಲ್ಲ. ಅಂಗಡಿ ಬಾಡಿಗೆ ಇದೆ, ಮೂರು ವರ್ಷ ಮಾರಾಟವಾಗದೆ ಕೂರುವುದೂ ಇದೆ. ಹರಾಜಿನಲ್ಲಿ ಸುತ್ತಿಗೆ ಬಿದ್ದ ಬೆಲೆ ಬೇರೆ, ಕೊಂಡವನು ಕಮಿಷನ್ ಸೇರಿಸಿ ಕಟ್ಟುವುದು ಬೇರೆ, ಮಾರಿದವನ ಕೈಗೆ ಕಳೆದು ಬರುವುದು ಬೇರೆ. ವಿಮೆಗೆ ಬರೆಸುವ ಬೆಲೆ ಎಲ್ಲಕ್ಕಿಂತ ಮೇಲೆ, ಯಾಕೆಂದರೆ ಅದು ಕಳೆದರೆ ಹೊಸದಾಗಿ ಹುಡುಕಿ ಕೊಳ್ಳುವ ಖರ್ಚು. ಆ ಚೀಟಿ ತೋರಿಸಿ "ಇಷ್ಟಕ್ಕೆ ತಗೊಳ್ಳಿ" ಅಂತ ಬರುವವರಿಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ.

ಜಾಲದಲ್ಲಿ ನೋಡುವಾಗ ಕೇಳುವ ಬೆಲೆ ನೋಡಬೇಡಿ, ಮಾರಾಟವಾದ ಬೆಲೆ ನೋಡಿ. ಕೇಳಲು ಏನು, ಆಕಾಶಕ್ಕೇ ಏಣಿ ಹಾಕಬಹುದು. ಬೆಲೆ ಕಟ್ಟುವವನಿಗೇ ಮಾರಬೇಡಿ. ನಾನು ವ್ಯಾಪಾರಿ ಆಗಿಯೂ ಇದನ್ನು ಹೇಳುತ್ತಿದ್ದೇನೆ.

ತಕ್ಕಡಿಮಾಮ:
ಅಷ್ಟೆಲ್ಲ ಯಾಕೆ? ಒಂಬತ್ತು ಗ್ರಾಂ ಚಮಚ. ಕರಗಿಸಿದರೆ ಕೈಗೆ ಬರುವುದು ಅಷ್ಟಕ್ಕಷ್ಟೇ.

ಮುದ್ರೆಹುಚ್ಚ:
ಅದೇ ಮಾಮ ವಿಷಯ! ಒಂಬತ್ತು ಗ್ರಾಂಗೆ ಏನೂ ಇಲ್ಲ, ಕ್ಯಾಡಿ ಸ್ಪೂನ್ ಸಂಗ್ರಹಿಸುವವರು ಅದರ ಹಲವು ಪಟ್ಟು ಕೊಡುತ್ತಾರೆ. ಅದೇ ಒಂದು ಕೆಜಿ ತೂಗುವ, ಸೊಟ್ಟಗಾದ, ಯಾರದೋ ಹೆಸರು ದೊಡ್ಡದಾಗಿ ಕೆತ್ತಿದ 1950ರ ತಟ್ಟೆಗೆ ತೂಕದ ಬೆಲೆಯೇ ಗತಿ. ಎಲ್ಲರೂ ನಿಮ್ಮ ಲೆಕ್ಕ ಹಿಡಿದು ಹೊರಟರೆ ಏನಾಗುತ್ತದೆ ಅಂತ 1980ರಲ್ಲಿ ಜಗತ್ತು ನೋಡಿದೆ. ಅಮೆರಿಕದ ಎಣ್ಣೆ ಕುಬೇರರಾದ ಹಂಟ್ ಸಹೋದರರು ಬೆಳ್ಳಿಯನ್ನೆಲ್ಲ ಗುಡ್ಡೆ ಹಾಕಲು ಹೋಗಿ ಜನವರಿಯಲ್ಲಿ ದರ ಗಗನಕ್ಕೆ ಹೋಯಿತು. ಜನ ಮನೆಯ ಟೀಪಾಟು, ತಟ್ಟೆ, ದೀಪದ ಕಂಬ ಹೊತ್ತುಕೊಂಡು ಕುಲುಮೆಗೆ ಓಡಿದರು. ಮಾರ್ಚ್ 27ಕ್ಕೆ ದರ ಕುಸಿದುಬಿತ್ತು. ಕರಗಿದ್ದು ವಾಪಸ್ ಬರಲಿಲ್ಲ.

ತಕ್ಕಡಿಮಾಮ:
ಆಯ್ತಪ್ಪ, ಚಮಚ ಕರಗಿಸಬೇಡಿ. ಟೀಪಾಟ್ ಏನು ಮಾಡ್ತೀರಿ?

ಹಳೇಪೆಟ್ಟಿಗೆ:
ಪೆನ್ನು ಹಾಕಿ ಇಟ್ಟಿದ್ದೇನೆ. ಬ್ರೂಚು ಮಾರಲ್ಲ, ಆ ಮಗುವಿನ ಹೆಸರು ಓದಿದ ಮೇಲೆ ಮನಸ್ಸು ಬರಲಿಲ್ಲ. ಅತ್ತೆಯೂ ಈಗ ಸುಮ್ಮನಾಗಿದ್ದಾರೆ. ಚಮಚವನ್ನು ತಿಳಿದವರಿಗೆ ತೋರಿಸುತ್ತೇನೆ.

ಆಂ, ಪೆಟ್ಟಿಗೆಯ ತಳದ ಬಟ್ಟೆ ಎತ್ತಿದರೆ ಇನ್ನೊಂದು ಚಮಚ ಸಿಕ್ಕಿತು. ಬಾಯಿ ಪೂರ್ತಿ ಜಾಲರಿಯ ಹಾಗೆ ತೂತು ತೂತು, ಹಿಡಿ ತೆಳ್ಳಗೆ ಉದ್ದ, ತುದಿ ಮುಳ್ಳಿನ ಹಾಗೆ ಚೂಪು. ಇದು ಏನು ಚಮಚ?

ಮುದ್ರೆಹುಚ್ಚ:
ಮೇಡಂ!! ಅದು ಮೋಟ್ ಸ್ಪೂನ್ ಇರಬೇಕು, 18ನೇ ಶತಮಾನದ್ದು. ಬಟ್ಟಲಿನಲ್ಲಿ ತೇಲುವ ಚಹಾ ಎಲೆ ತೆಗೆಯಲು ತೂತು, ಟೀಪಾಟಿನ ಮೂತಿ ಕಟ್ಟಿದರೆ ಬಿಡಿಸಲು ಆ ಚೂಪು ತುದಿ. ಹಿಡಿಯ ಹಿಂದೆ ಮುದ್ರೆ ಇದೆಯಾ ನೋಡಿ. ತುಂಬಾ ಚಿಕ್ಕದಿರುತ್ತದೆ, ಒರಟಾಗಿ ಏನೂ ತಾಗಿಸಬೇಡಿ.

ಹಳೇಪೆಟ್ಟಿಗೆ:
ಒಂದು ನಿಮಿಷ, ಮೇಜಿನ ಮೇಲೆ ಇಟ್ಟಿದ್ದೆ.

ಭೂತಗನ್ನಡಿ:
ಏನಾಯ್ತು?

ಭೂತಗನ್ನಡಿ:
ಮೇಡಂ?

ಹಳೇಪೆಟ್ಟಿಗೆ:
ಅತ್ತೆ ತಂದುಕೊಟ್ಟರು. ಫಳಫಳ ಅನ್ನುತ್ತಿದೆ. ಪುದೀನ ವಾಸನೆ.